ದ್ರಾಕ್ಷಿಯ ಸೀಮೆಯ ಊರು ವಿಜಾಪುರ



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಹಂಪೆಯನ್ನು ನೆನೆಯುತ್ತಾರೆ, ಬಾದಾಮಿಯನ್ನು ನೆನೆಯುತ್ತಾರೆ, ಬನವಾಸಿಯನ್ನಂತೂ ಬಿಡುವುದೇ ಇಲ್ಲ. ಅದು ಯೋಗ್ಯವೇ ಆಗಿದೆ. ಆದರೆ ಪುಣೆಯಲ್ಲಿರುವ ಕನ್ನಡಿಗರು ಹೆಚ್ಚಾಗಿ ನೆನೆಯಬೇಕಾದ ಊರೊಂದು ಇನ್ನೂ ಸಮೀಪದಲ್ಲಿಯೇ ಇದೆ. ಇಲ್ಲಿಂದ ಸೋಲಾಪುರಕ್ಕೆ ಹೋಗಿ, ಭೀಮಾ ನದಿಯನ್ನು ದಾಟಿ ತೆಂಕಣಕ್ಕೆ ನಡೆದರೆ ಬಯಲಿನ ನಡುವೆ ಒಂದು ದೊಡ್ಡ ಗುಮ್ಮಟವು ಕಣ್ಣಿಗೆ ಬೀಳುತ್ತದೆ. ಊರು ಕಾಣುವುದಕ್ಕಿಂತ ಎಷ್ಟೋ ಮೊದಲೇ ಗುಮ್ಮಟವು ಕಾಣುತ್ತದೆ. ಅದೇ ವಿಜಾಪುರ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಅದು ವಿಜಯಪುರ. ಸುಲ್ತಾನರ ಕಾಗದಪತ್ರಗಳಲ್ಲಿ ಬಿಜಾಪುರ. ೨೦೧೪ರ ನವೆಂಬರ ೧ರಿಂದ ಸರಕಾರದ ದಫ್ತರದಲ್ಲಿ ಮರಳಿ ವಿಜಯಪುರ. ನಮ್ಮ ಹಳ್ಳಿಯ ಹಿರಿಯರ ಬಾಯಲ್ಲಿ ಮಾತ್ರ ಅದು ಯಾವಾಗಲೂ ವಿಜಾಪುರವೇ ಆಗಿತ್ತು. ನಾನೂ ಈ ಹೊತ್ತು ಹಾಗೆಯೇ ಕರೆಯುತ್ತೇನೆ. ಸರಕಾರವು ಕ್ಷಮಿಸಬೇಕು.

ಈ ಊರಿಗೂ ನಾವು ನಿಂತಿರುವ ಈ ಪುಣೆಗೂ ಇರುವ ನಂಟು ವಿಚಿತ್ರವಾದದ್ದು. ೧೬೩೦ರ ಸುಮಾರಿಗೆ ವಿಜಾಪುರದ ಸರದಾರನಾದ ಮುರಾರ ಜಗದೇವನು ಪುಣೆಯನ್ನು ಸುಟ್ಟು, ಕತ್ತೆ ಕಟ್ಟಿದ ನೇಗಿಲಿನಿಂದ ನೆಲವನ್ನು ಉಳಿಸಿದನೆಂದು ಹೇಳುತ್ತಾರೆ. ಮುಂದೆ ಕೆಲವೇ ವರ್ಷಗಳಲ್ಲಿ ಅದೇ ವಿಜಾಪುರದ ದರಬಾರಿನ ಸರದಾರನಾಗಿ ಶಹಾಜಿ ರಾಜನು ಪುಣೆಯ ಜಹಗೀರನ್ನು ಪಡೆದನು. ಪಾಳುಬಿದ್ದ ಕಸಬೆಯು ಮತ್ತೆ ಊರಾಯಿತು. ಆಗ ಪುಣೆಯ ಹಣೆಬರಹವನ್ನು ವಿಜಾಪುರದಲ್ಲಿ ಬರೆಯುತ್ತಿದ್ದರು. ಕಾಲಚಕ್ರವು ತಿರುಗಿತು. ೧೭೬೦ರಲ್ಲಿ ಉದಗೀರದ ಯುದ್ಧವಾದ ಮೇಲೆ ನಿಜಾಮನು ವಿಜಾಪುರವನ್ನು ಪೇಶವೆಯರಿಗೆ ಬಿಟ್ಟುಕೊಟ್ಟನು. ಅಲ್ಲಿಂದ ೧೮೧೮ರವರೆಗೆ ವಿಜಾಪುರದ ಹಣೆಬರಹವನ್ನು ಶನಿವಾರವಾಡೆಯಲ್ಲಿ ಬರೆದರು. ಒಂದು ಊರು ಇನ್ನೊಂದನ್ನು ಆಳಿ, ಆಮೇಲೆ ಅದರಿಂದಲೇ ಆಳಿಸಿಕೊಂಡ ಇಂಥ ಉದಾಹರಣೆಗಳು ಹೆಚ್ಚಿಗೆ ಇರಲಾರವು. ಪುಣೆಯಲ್ಲಿ ನಮ್ಮನ್ನು ಹೊರಗಿನವರೆಂದು ಯಾರಾದರೂ ಅಂದರೆ ಈ ಎರಡು ಮಾತುಗಳನ್ನು ನೆನಪಿಗೆ ತಂದುಕೊಂಡು ಸುಮ್ಮನೆ ಮುಗುಳುನಗಬಹುದು.

ನನ್ನ ಇಂದಿನ ವಿಷಯ ರಾಜಕಾರಣವಲ್ಲ, ದ್ರಾಕ್ಷಿ. ಗೋಳಗುಮ್ಮಟದ ಊರಿಗೂ ದ್ರಾಕ್ಷಿಗೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಕರ್ನಾಟಕದಲ್ಲಿ ದ್ರಾಕ್ಷಿಯನ್ನು ಅತಿ ಹೆಚ್ಚು ಬೆಳೆಯುವ ಜಿಲ್ಲೆ ವಿಜಾಪುರ. ೨೦೦೭ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾರಸದ ನೀತಿಯೊಂದನ್ನು ಮಾಡಿ, ಅದಕ್ಕೊಂದು ಮಂಡಳಿಯನ್ನೂ ನೇಮಿಸಿತು. ಬೆಂಗಳೂರಿನ ಸುತ್ತಲಿನ ನಂದಿ ಕಣಿವೆ ಒಂದು, ನಮ್ಮ ಕೃಷ್ಣಾ ಕಣಿವೆ ಒಂದು, ಹೀಗೆ ಎರಡು ವೈನ್ ಸೀಮೆಗಳನ್ನು ಗುರುತಿಸಲಾಯಿತು. ಆ ಲೆಕ್ಕದಿಂದ ವಿಜಾಪುರವು ವೈನಿನ ಸೀಮೆಯ ಪಟ್ಟಣವಾಗಿ ಹಲವು ವರ್ಷಗಳಾದವು. ಊರಿನವರಿಗೆ ಮಾತ್ರ ಇದು ಅಷ್ಟಾಗಿ ಗೊತ್ತಿಲ್ಲ! ಅವರು ಇನ್ನೂ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರುಗಳಲ್ಲಿಯೇ ಸುಖವಾಗಿದ್ದಾರೆ. ದ್ರಾಕ್ಷಿಯ ಮದ್ಯವೆಂದರೆ ಅವರಿಗೆ ವೈದ್ಯರು ಕೊಡುವ ದ್ರಾಕ್ಷಾರಿಷ್ಟದ ಶೀಶೆ; ಬಾಣಂತಿಗೆ ಎರಡು ಚಮಚ, ಮುದುಕರಿಗೆ ಒಂದು.

ಆದರೂ ಪಾನಗೋಷ್ಠಿಯು ಆ ಊರಿಗೆ ಹೊಸದೇನೂ ಅಲ್ಲ. ದಖ್ಖಣದಲ್ಲಿ ದ್ರಾಕ್ಷಿಯು ಹಳೆಯ ಬೆಳೆ. ಹದಿನಾಲ್ಕನೆಯ ಶತಮಾನದಲ್ಲಿ ದೌಲತಾಬಾದಕ್ಕೆ ಬಂದ ಇಬ್ನ ಬತೂತನು ಅಲ್ಲಿ ದ್ರಾಕ್ಷಿಯೂ ದಾಳಿಂಬೆಯೂ ವರ್ಷಕ್ಕೆರಡು ಸಲ ಫಲಿಸುವುದನ್ನು ಬರೆದಿಟ್ಟಿದ್ದಾನೆ. ವಿಜಾಪುರದ ವೈಭವವನ್ನು ಕಣ್ಣಾರೆ ಕಂಡು ಬರೆದವನು ಅಸದಬೇಗನೆಂಬ ಮೊಗಲ ವಕೀಲ. ಅಕಬರನ ಮಗ ದಾನಿಯಾಲನಿಗೆ ವಿಜಾಪುರದ ರಾಜಕುಮಾರಿಯನ್ನು ಕರೆದುಕೊಂಡು ಹೋಗಲು ೧೬೦೩-೦೪ರಲ್ಲಿ ಅವನು ಬಂದನು. ಸುಮಾರು ಎರಡು ಹರದಾರಿ ಉದ್ದದ ಪೇಟೆ, ಪ್ರತಿಯೊಂದು ಅಂಗಡಿಯ ಮುಂದೆಯೂ ಒಂದೊಂದು ಹಸಿರು ಮರ, ರತ್ನಪಡಿ ವ್ಯಾಪಾರಿಗಳ ಪಕ್ಕದಲ್ಲಿ ಆಯುಧದವರು, ಅವರ ಪಕ್ಕದಲ್ಲಿ ಬಟ್ಟೆಯವರು, ರೊಟ್ಟಿಯವರು, ಅತ್ತರಿನವರು, ಮತ್ತೆ ಮದ್ಯದ ಅಂಗಡಿಗಳು. ಬೀದಿ ತುಂಬ ಹಾಡು ಕುಣಿತ ನಡೆದಿದ್ದರೂ ಜಗಳವೆಂಬುದಿಲ್ಲವೆಂದು ಅವನಿಗೆ ಆಶ್ಚರ್ಯವಾಯಿತು. ಆ ಅಂಗಡಿಗಳಲ್ಲಿದ್ದುದೆಲ್ಲ ದ್ರಾಕ್ಷಿಯದೇ ಎಂದು ನಾನು ವಾದಿಸಲಾರೆ. ಈಚಲು ಮರಗಳು ಆಗಲೂ ಇದ್ದವು. ಅಸದಬೇಗನು ಮರಳಿ ಹೋಗುವಾಗ ವಿಜಾಪುರದಿಂದ ಇನ್ನೊಂದು ವಸ್ತುವನ್ನು ಒಯ್ದನು. ಅದು ಹೊಗೆಸೊಪ್ಪು. ಅಕಬರನ ಮುಂದೆ ರತ್ನಖಚಿತವಾದ ನಳಿಗೆಯನ್ನು ಹಿಡಿದಾಗ ಬಾದಶಹನು ಒಂದೆರಡು ದಮ್ಮು ಎಳೆದು ನೋಡಿದನಂತೆ; ಹಕೀಮನು ಅಡ್ಡ ಬಂದನಂತೆ. ಪಾಪ, ಮದುಮಗನಾದ ದಾನಿಯಾಲನು ಮದುವೆಯ ನಂತರ ಬಹಳ ದಿನ ಬದುಕಲಿಲ್ಲ. ಅವನನ್ನು ಕೊಂದದ್ದು ಕುಡಿತವೇ.

ಆಗ ಪಟ್ಟದಲ್ಲಿದ್ದವನು ಎರಡನೆಯ ಇಬ್ರಾಹಿಮ ಆದಿಲಶಾಹಿ. ೧೫೮೦ರಿಂದ ೧೬೨೭ರವರೆಗೆ ಆಳಿದ ಇವನನ್ನು ಜನರು ಜಗದ್ಗುರುವೆಂದು ಕರೆದರು. ಒಬ್ಬ ಸುಲ್ತಾನನಿಗೆ ಆ ಬಿರುದು ಬಂದದ್ದು ಸುಮ್ಮನೆ ಅಲ್ಲ. ದಖನಿಯಲ್ಲಿ ಅವನು ಬರೆದ ‘ಕಿತಾಬೆ ನೌರಸ್’ ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಮೋತಿಖಾನ ಎಂದು ಮುದ್ದಿನ ಹೆಸರಿಟ್ಟ ತಂಬೂರಿಯ ಮೇಲಿನ ಪ್ರೀತಿಯಿದೆ. ನೌರಸ್ ಎಂಬುದು ನಮ್ಮ ನವರಸವೇ. ಆದರೆ ಪಾರ್ಸಿ ಬಲ್ಲವರ ಕಿವಿಗೆ ಅದೇ ಶಬ್ದವು ಆಗತಾನೆ ಮಾಗಿದ ಹೊಸ ಹಣ್ಣು ಎಂಬ ಅರ್ಥವನ್ನೂ ಕೊಡುತ್ತದೆ. ಒಂದೇ ಮಾತಿನಲ್ಲಿ ಎರಡು ಭಾಷೆಗಳ ಸವಿಯನ್ನು ಕೂಡಿಸಿದ ಈ ಅರಸನ ಆಸ್ಥಾನಕ್ಕೆ ಪರ್ಶಿಯಾದಿಂದ ಜುಹೂರಿ ಬಂದನು. ಸಾಕಿಯನ್ನು ಕರೆದು ಹಾಡುವ ‘ಸಾಕಿನಾಮೆ’ಯಿಂದ ಹೆಸರಾದ ಕವಿ ಅವನು. ಇತಿಹಾಸಕಾರ ಫೆರಿಸ್ತನು ಇಲ್ಲಿಯೇ ಕುಳಿತು ಬರೆದನು. ಹಾಲಂಡಿನಿಂದ ಹೇಡಾ ಎಂಬ ಚಿತ್ರಕಾರನೂ ಬಂದು ನೆಲೆಸಿದನು.

೧೫೯೯ರಲ್ಲಿ ಇಬ್ರಾಹಿಮನು ಊರ ಪಶ್ಚಿಮಕ್ಕೆ ತೊರವಿಯ ಹತ್ತಿರ ನೌರಸಪುರವೆಂಬ ಹೊಸ ನಗರಕ್ಕೆ ಬುನಾದಿ ಹಾಕಿದನು. ಸಂಗೀತಗಾರರಿಗಾಗಿ, ಕಲಾವಿದರಿಗಾಗಿ ಒಂದು ಊರು! ೧೬೨೪ರಲ್ಲಿ ಮಲಿಕ ಅಂಬರನು ಬಂದು ಅದನ್ನು ಹಾಳುಗೆಡವಿದನು. ಇಪ್ಪತ್ತೈದು ವರ್ಷದ ಬಾಳು. ಈಗ ಅಲ್ಲಿ ಮುರಿದ ಗೋಡೆಗಳಿವೆ, ಹೊಲಗಳಿವೆ. ತೊರವಿಯೆಂದರೆ ಕನ್ನಡಿಗರಿಗೆ ಇನ್ನೊಂದು ನೆನಪೂ ಆಗಬೇಕು. ಆ ಊರಿನ ನರಸಿಂಹನ ಸನ್ನಿಧಿಯಲ್ಲಿ ಕುಮಾರವಾಲ್ಮೀಕಿಯು ಭಾಮಿನಿ ಷಟ್ಪದಿಯಲ್ಲಿ ರಾಮಾಯಣವನ್ನು ಬರೆದನು. ಒಂದೇ ಹಳ್ಳಿಯ ನೆಲದಲ್ಲಿ ತೊರವೆ ರಾಮಾಯಣವೂ ನೌರಸಪುರವೂ! ಇಂದು ರಾಜ್ಯದ ಮಹಿಳಾ ವಿಶ್ವವಿದ್ಯಾಲಯವು ಅಲ್ಲಿಯೇ ಇದೆ. ಅದಕ್ಕೆ ಅಕ್ಕಮಹಾದೇವಿಯ ಹೆಸರು. ಮುಂದೆ ಹೇಳಬೇಕಾದ ವೈನ್ ಪಾರ್ಕಿನ ಯೋಜನೆಗೂ ಸರಕಾರವು ಆರಿಸಿದ್ದು ತೊರವಿಯನ್ನೇ. ಆರಿಸಿದವರಿಗೆ ನೌರಸ್ ಎಂಬ ಮಾತು ನೆನಪಿತ್ತೋ, ಬರಿಯ ಸರಕಾರಿ ಜಮೀನು ಖಾಲಿಯಿತ್ತೋ!

ಗೋಳಗುಮ್ಮಟದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹಿಯ ಗೋರಿ. ಗುಮ್ಮಟದ ಹೊರ ಅಡ್ಡಳತೆ ೧೪೪ ಅಡಿ. ಒಳಗಿನ ಜಾಗೆ ೧೮,೦೦೦ ಚದರಡಿಗೂ ಹೆಚ್ಚು. ನಡುವೆ ಒಂದು ಕಂಬವೂ ಇಲ್ಲ. ಶಾಲೆಯ ಪ್ರವಾಸದಲ್ಲಿ ತಾವೆಲ್ಲರೂ ಮೇಲೆ ಹತ್ತಿ ಕೂಗಿದ್ದೀರಿ, ಏಳು ಸಲ ಮರುದನಿಯನ್ನು ಎಣಿಸಿದ್ದೀರಿ. ರಸಿಕರು ಮಾತ್ರ ಇಬ್ರಾಹಿಂ ರೋಜಾಕ್ಕೆ ಹೋಗಬೇಕು. ಗುಮ್ಮಟವು ಬಲವನ್ನು ತೋರಿಸುತ್ತದೆ, ರೋಜಾ ಮನಸ್ಸನ್ನು ತೋರಿಸುತ್ತದೆ. ಇದು ನನ್ನ ಅಭಿಪ್ರಾಯ; ಒಪ್ಪದವರೊಡನೆ ಜಗಳವಿಲ್ಲ.

ನಾನು ತುಸು ಹೊತ್ತು ನಿಲ್ಲಬೇಕೆಂದಿರುವುದು ನೀರಿನ ಹತ್ತಿರ. ವಿಜಾಪುರಕ್ಕೆ ನದಿಯಿಲ್ಲ. ವರ್ಷದ ಮಳೆ ಐದಾರು ನೂರು ಮಿಲಿಮೀಟರು, ಅದೂ ಬಂದರೆ ಬಂತು. ಅಂಥ ನೆಲದಲ್ಲಿ ರಾಜಧಾನಿಯನ್ನು ಕಟ್ಟಿದವರು ಮೊದಲು ನೀರನ್ನು ತಂದರು. ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರನ್ನು ಊರೊಳಕ್ಕೆ ಹರಿಸಿದರು. ಮೊದಲನೆಯ ಅಲಿಯು ತನ್ನ ರಾಣಿ ಚಾಂದಬೀಬಿಯ ಹೆಸರಿನಲ್ಲಿ ಚಾಂದ ಬಾವಡಿಯನ್ನು ತೋಡಿಸಿದನು. ೧೬೨೦ರಲ್ಲಿ ತಾಜ ಬಾವಡಿಯಾಯಿತು. ೧೬೫೧ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಗಂಜುಗಳನ್ನು ಕಟ್ಟಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂಬುದು ಅವುಗಳ ಉದ್ದೇಶ. ಆ ಗಂಜುಗಳು ಈಗಲೂ ಪೇಟೆಯ ನಡುವೆ ಮುದುಕರಂತೆ ನಿಂತಿವೆ. ನೋಡಲು ಬಂದವರು ಅವೇನೆಂದು ಕೇಳುವುದಿಲ್ಲ, ತೋರಿಸುವವರು ಹೇಳುವುದಿಲ್ಲ. ನನ್ನ ಮಟ್ಟಿಗೆ ವಿಜಾಪುರದ ನಿಜವಾದ ಅದ್ಭುತ ಇದು. ಗೋರಿಯಿಲ್ಲದೆ ಊರು ನಡೆದೀತು, ನೀರಿಲ್ಲದೆ ನಡೆಯದು.

೧೬೮೬ರ ಸಪ್ಟಂಬರದಲ್ಲಿ ಕೊನೆಯ ಸುಲ್ತಾನನಾದ ಹುಡುಗ ಸಿಕಂದರನು ಔರಂಗಜೇಬನಿಗೆ ಶರಣಾದನು. ಹಿಂದೆಯೇ ಮಹಾಮಾರಿ ಬಂತು. ಜನ ಸತ್ತರು, ಉಳಿದವರು ಚದುರಿದರು; ಕೊಳವೆಗಳನ್ನು ದುರಸ್ತಿ ಮಾಡುವವರಿಲ್ಲದೆ ಹೂಳು ತುಂಬಿತು. ಮುಂದಿನ ಎರಡು ಶತಮಾನಗಳ ಕಥೆಯನ್ನು ಒಂದು ತೋಪಿನಿಂದಲೇ ಹೇಳಬಹುದು. ೫೫ ಟನ್ನಿನ ಮಲಿಕೆ ಮೈದಾನವನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದಿದ್ದರು. ೧೮೫೪ರಲ್ಲಿ ಸಾತಾರೆಯ ಇಂಗ್ರೇಜಿ ಅಧಿಕಾರಿಗಳು ಇದನ್ನು ಹಳೆಯ ಲೋಹವೆಂದು ಲಿಲಾವಿಗೆ ಇಟ್ಟರು. ಬಂದ ಹೆಚ್ಚಿನ ಬೇಡಿಕೆ ೧೫೦ ರೂಪಾಯಿ! ಅಷ್ಟು ಕಡಿಮೆಗೆ ಕೊಡಲು ಅಲ್ಲಿಯ ಅಧಿಕಾರಿಗೆ ಮನಸ್ಸು ಬಾರದೆ ಮಾರಾಟ ನಿಂತಿತು. ತೋಪು ಉಳಿದದ್ದು ಹೀಗೆ.

ಆಮೇಲೆ ೧೮೭೬-೭೮ರ ಬರ. ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ೧೮೭೨ರ ಮತ್ತು ೧೮೮೧ರ ಎರಡು ಗಣತಿಗಳ ನಡುವೆ ಇಲ್ಲವಾಯಿತು. ಬರದ ಹೊಡೆತದಿಂದಲೇ ರೈಲು ಬಂತೆನ್ನಬೇಕು. ೧೮೮೪ರಲ್ಲಿ ಹೊಟಗಿ-ಗದಗ ಹಾದಿ ತೆರೆಯಿತು. ಮರುವರ್ಷ ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಾಪುರಕ್ಕೆ ಬಂದವು. ಸುಲ್ತಾನರ ಮಹಲುಗಳಲ್ಲಿ ಕಲೆಕ್ಟರರೂ ಜಡ್ಜರೂ ಬಿಡಾರ ಮಾಡಿದರು. ಹಾಳೂರು ಜಿಲ್ಲೆಯ ಮುಖ್ಯಪಟ್ಟಣವಾಯಿತು, ವಕೀಲರು ಬಂದರು.

ಬಂದ ವಕೀಲರಲ್ಲಿ ಒಬ್ಬರನ್ನು ಇಲ್ಲಿ ನೆನೆಯದಿದ್ದರೆ ರಾಜ್ಯೋತ್ಸವದ ಮಾತು ಮಾತೇ ಅಲ್ಲ. ಧಾರವಾಡದಲ್ಲಿ ೧೮೮೦ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಿಜಾಪುರಕ್ಕೆ ವಕೀಲಿ ಮಾಡಲು ಬಂದವರು. ಮನೆಮನೆಯ ಅಟ್ಟದ ಮೇಲೆ ಧೂಳು ಹಿಡಿದು ಗೆದ್ದಲು ತಿನ್ನುತ್ತಿದ್ದ ತಾಳೆಗರಿಗಳನ್ನು ಕೂಡಿಸಿದರು, ಓದಿದರು, ತಿದ್ದಿದರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂತು. ಮನೆಯನ್ನು ಮಾರಿ ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ೧೯೧೦ರಲ್ಲಿ ಶಿಕ್ಷಣ ಸಂಸ್ಥೆ, ೧೯೧೨ರಲ್ಲಿ ಸಿದ್ಧೇಶ್ವರ ಬ್ಯಾಂಕು, ಇವೂ ಅವರ ಕೈಯಿಂದಲೇ ಆದವು. ವಿಜಾಪುರದಲ್ಲಿ ಸಾಹಿತ್ಯ ಸಮ್ಮೇಲನ ನೆರೆದದ್ದೂ ೧೯೨೩ರಲ್ಲಿಯೇ. ಮತ್ತೊಮ್ಮೆ ನೆರೆಯಲು ೨೦೧೩ರವರೆಗೆ ಕಾಯಬೇಕಾಯಿತು. ಅತ್ತ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡು ೧೯೩೧ರಲ್ಲಿ ‘ಗರತಿಯ ಹಾಡು’ ತಂದರು. ಮುಂಬಯಿ ಇಲಾಖೆಯಲ್ಲಿ ಕಚೇರಿಯ ಮಾತು ಬೇರೆಯಾಗಿದ್ದ ಕಾಲಕ್ಕೆ ಕನ್ನಡದ ಎರಡು ದೊಡ್ಡ ಗಂಟುಗಳನ್ನು, ಅಂದರೆ ವಚನವನ್ನೂ ಗರತಿಯ ಹಾಡನ್ನೂ, ಈ ಬರಗಾಲದ ಜಿಲ್ಲೆಯು ನಾಡಿಗೆ ಬಿಚ್ಚಿ ತೋರಿಸಿತು. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಮನಸ್ಸಿನಿಂದ ಅದು ಎಂದೋ ಸೇರಿಯಾಗಿತ್ತು.

ಇನ್ನು ದ್ರಾಕ್ಷಿಗೆ ಬರುತ್ತೇನೆ. ನಮ್ಮದು ಜೋಳದ ಸೀಮೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬುದು ನಮ್ಮ ಕಡೆಯ ಗಾದೆ. ಆ ಕರಿಯ ನೆಲದ ಬಿಳಿಜೋಳದ ರುಚಿಯನ್ನು ಪುಣೆಯ ಭಾಕರಿ ತಿನ್ನುವವರೂ ಒಪ್ಪುತ್ತಾರೆ. ದ್ರಾಕ್ಷಿಯ ಬಳ್ಳಿ ನಮಗೆ ಬಂದದ್ದು ಸೋಲಾಪುರ, ತಾಸಗಾಂವಗಳ ಕಡೆಯಿಂದ. ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿಯಿಂದ ತಾಸಗಾಂವದ ಸೀಮೆಯ ರೈತರು ಆರಿಸಿ ಬೆಳೆಸಿದ್ದು ‘ತಾಸ್-ಎ-ಗಣೇಶ’, ಸೋಲಾಪುರದ ಸೀಮೆಯವರು ಆರಿಸಿದ್ದು ‘ಸೋನಾಕಾ’, ‘ಮಾಣಿಕ ಚಮನ’. ಇವೇ ನಮ್ಮಲ್ಲಿಯೂ ಹಬ್ಬಿದವು. ತಿಕೋಟಾ, ಬಬಲೇಶ್ವರ, ಇಂಡಿಗಳ ಕಡೆ ಹೋಗಿ ನೋಡಿರಿ. ಒಣಗಿದ ಬೋಳು ಮರಡಿಗಳ ನಡುವೆ ಹಸಿರು ಚಪ್ಪರ! ತಿಕೋಟಾದ ಮಗ್ಗುಲಲ್ಲಿಯೇ ಮಹಾರಾಷ್ಟ್ರದ ಜತ್ತ ತಾಲೂಕು. ಗಡಿಯ ಆಚೆಗೂ ಈಚೆಗೂ ಕನ್ನಡ ಮಾತಾಡುವ ರೈತರೇ. ಅಲ್ಲಿಯವರು ಇಲ್ಲಿ ಹೆಣ್ಣು ಕೊಟ್ಟಿದ್ದಾರೆ, ಇಲ್ಲಿಯವರು ಅಲ್ಲಿ ಮಾಲು ಮಾರುತ್ತಾರೆ.

ದ್ರಾಕ್ಷಿಯ ಪಡವನ್ನು ಸಾಕುವುದು ಜೋಳ ಬಿತ್ತಿದಂತೆ ಅಲ್ಲ. ಬುಡಕ್ಕೆ ಅಮೆರಿಕದ ಟೆಕ್ಸಾಸಿನ ಕಾಡುಬಳ್ಳಿಯ ಬೇರು. ಡಾಗ್ರಿಜ್ ಎಂದು ಅದರ ಹೆಸರು, ಉಪ್ಪುನೀರನ್ನೂ ನೀರಿನ ಕೊರತೆಯನ್ನೂ ಅದು ತಾಳುತ್ತದೆ. ಅದರ ಮೇಲೆ ನಮ್ಮ ಜಾತಿಯ ಕಸಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ದ್ರಾಕ್ಷಿಯು ಬೇರು ತಿನ್ನುವ ಹುಳದಿಂದ ನಾಶವಾಗುತ್ತಿದ್ದಾಗ ಉಳಿಸಿದ್ದೂ ಇಂಥ ಅಮೆರಿಕದ ಬೇರೇ. ಎಪ್ರಿಲದಲ್ಲಿ ಒಂದು ಚಾಟನಿ, ಅಂದರೆ ಬಳ್ಳಿಯನ್ನು ಸವರುವುದು, ಅಕ್ಟೋಬರದಲ್ಲಿ ಇನ್ನೊಂದು. ಮೊದಲನೆಯದು ಕಡ್ಡಿಗೆ, ಎರಡನೆಯದು ಹಣ್ಣಿಗೆ. ಅಕ್ಟೋಬರದ ನಂತರ ಮೋಡ ಮುಸುಕಿದರೆ, ಅವಕಾಲಿ ಮಳೆ ಬಂದರೆ, ಬೂದಿರೋಗ, ಕರಪಾ. ರೈತನು ಔಷಧದ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಮಲಗಬೇಕು. ಆಲಿಕಲ್ಲು ಬಿದ್ದರೆ ಅರ್ಧ ತಾಸಿನಲ್ಲಿ ವರ್ಷದ ಬಾಳು ನೆಲಕ್ಕೆ. ಪಡ ಹಾಕಲು ಕಂಬ, ತಂತಿ, ಹನಿ ನೀರಾವರಿಯ ಕೊಳವೆ ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ಆದ್ದರಿಂದ ದ್ರಾಕ್ಷಿಯ ಪಡವಿದ್ದಲ್ಲಿ ಬ್ಯಾಂಕಿನ ಸಾಲವಿದ್ದೇ ಇರುತ್ತದೆ.

ಹಣ್ಣು ಮಾಗಿದ ಮೇಲೆ ಏನು ಮಾಡಬೇಕು? ಇಲ್ಲಿಯೇ ವಿಜಾಪುರದ ಗುಣವು ಕಾಣುತ್ತದೆ. ನಾಶಿಕದವರು ಹಣ್ಣನ್ನು ಹಡಗಿಗೆ ಹಾಕಿದರು, ರಸವನ್ನು ಶೀಶೆಗೆ ತುಂಬಿದರು. ನಮ್ಮವರು ಒಣಗಿಸಿದರು. ಫೆಬ್ರುವರಿಯಿಂದ ಎಪ್ರಿಲದವರೆಗೆ ವಿಜಾಪುರದ ಗಾಳಿಯಷ್ಟು ಒಣ ಗಾಳಿ ಸಿಕ್ಕುವುದು ಅಪರೂಪ. ಊರನ್ನು ಬರಗಾಲದಲ್ಲಿ ಕೊಂದ ಅದೇ ಗಾಳಿಯನ್ನು ರೈತನು ಕೆಲಸಕ್ಕೆ ಹಚ್ಚಿದನು. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ ಮತ್ತು ಇಥೈಲ್ ಓಲಿಯೇಟ ಎಣ್ಣೆಯ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ತೇವ ಬೇಗ ಹೊರಡಲೆಂದು ಹೀಗೆ ಮಾಡುತ್ತಾರೆ. ಆಮೇಲೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿದ ಶೆಡ್ಡುಗಳಲ್ಲಿ ನೆರಳಿಗೆ ಹರಡುತ್ತಾರೆ. ಎರಡು ಮೂರು ವಾರಗಳಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಬಂಗಾರದ ಬಣ್ಣ ಬೇಕೆಂದರೆ ಗಂಧಕದ ಹೊಗೆ ಕೊಡುತ್ತಾರೆ. ಹಸಿರು ಬಣ್ಣ ಉಳಿಯಬೇಕೆಂದರೆ ನೆರಳು ಗಟ್ಟಿಯಾಗಿರಬೇಕು. ಈ ಮೂರು ವಾರಗಳಲ್ಲಿ ಒಂದು ಮಳೆ ಬಂದರೂ ಮಾಲು ಕಪ್ಪಾಗಿ ಬೆಲೆ ಅರ್ಧಕ್ಕಿಳಿಯುತ್ತದೆ. ಆರಿಸುವುದು, ದೇಟು ಬಿಡಿಸುವುದು, ತರಗತಿ ಮಾಡುವುದು ಹೆಣ್ಣುಮಕ್ಕಳ ಕೆಲಸ. ದೀಪಾವಳಿಯ ಫರಾಳಕ್ಕೆಂದು ನಾವು ಇಲ್ಲಿ ಲಕ್ಷ್ಮೀರಸ್ತೆಯಲ್ಲಿ ಕೊಂಡ ಮಣೂಕದಲ್ಲಿ ತಿಕೋಟಾದ ಯಾವ ತಾಯಿಯ ಕೈ ತಾಗಿದೆಯೋ ಹೇಳಬಂದೀತೆ? ಚೀಲದ ಮೇಲೆ ಮಾತ್ರ ವಿಜಾಪುರದ ಹೆಸರು ಇರುವುದು ಕಡಿಮೆ. ಮಾಲು ಬಹುಕಾಲ ತಾಸಗಾಂವ, ಸಾಂಗಲಿಗಳ ಪೇಟೆಗೆ ಹೋಗಿ ಅಲ್ಲಿಯ ಹೆಸರಿನಲ್ಲಿ ಮಾರಿತು. ವಿಜಾಪುರದಲ್ಲಿಯೇ ಒಣದ್ರಾಕ್ಷಿಯ ಪೇಟೆಯಾದದ್ದು ಈಚಿನ ಮಾತು.

ಹಾಗಾದರೆ ವೈನೇಕೆ ಆಗಲಿಲ್ಲ? ಇದಕ್ಕೆ ಮಡಿವಂತಿಕೆಯೊಂದೇ ಕಾರಣವೆಂದು ತಿಳಿಯಬಾರದು. ಮುಂಬಯಿ ಸರಕಾರದ ೧೯೪೯ರ ಪಾನಬಂದಿ ಕಾಯಿದೆ ನಮ್ಮ ಜಿಲ್ಲೆಗೂ ಇತ್ತು ನಿಜ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮದು, ಅದೂ ನಿಜ. ಆದರೆ ರೈತನ ಲೆಕ್ಕ ಬೇರೆ. ವೈನಿನ ದ್ರಾಕ್ಷಿ ಸಣ್ಣ ಕಾಯಿಯದು, ದಪ್ಪ ಸಿಪ್ಪೆಯದು, ಬೀಜವುಳ್ಳದ್ದು. ಅದನ್ನು ತಟ್ಟೆಯಲ್ಲಿಟ್ಟು ತಿನ್ನಲು ಬಾರದು, ಒಣಗಿಸಿದರೂ ಕೊಳ್ಳುವವರಿಲ್ಲ. ಕಾರಖಾನೆಯವರು ಒಯ್ದರೆ ಒಯ್ದರು, ಒಯ್ಯದಿದ್ದರೆ ತಿಪ್ಪೆಗೆ. ೨೦೦೯ರ ಸುಮಾರಿಗೆ ವೈನಿನ ಪೇಟೆ ಕುಸಿದಾಗ ನಾಶಿಕದ ಕಡೆಯ ಎಷ್ಟೋ ರೈತರು ಶಿರಾಜ, ಕ್ಯಾಬರ್ನೆಗಳ ಬಳ್ಳಿಗಳನ್ನು ಕಿತ್ತುಹಾಕಿದರು. ಥಾಮ್ಸನ್ ಜಾತಿಯದಾದರೆ ಪೇಟೆ ಬಿದ್ದ ದಿನ ಒಣಗಿಸಬಹುದು, ಒಣಗಿಸಿದ್ದನ್ನು ತಂಪುಕೋಣೆಯಲ್ಲಿಟ್ಟು ಬೆಲೆಗೆ ಕಾಯಬಹುದು. ಬರದಲ್ಲಿ ಬೆಂದ ಜನ ಒಂದೇ ಬಾಗಿಲಿನ ಮನೆಯನ್ನು ನಂಬುವುದಿಲ್ಲ. ತೊರವಿಯ ವೈನ್ ಪಾರ್ಕು ಹಲವು ವರ್ಷ ಘೋಷಣೆಗಳಲ್ಲಿಯೇ ಬೆಳೆದದ್ದಕ್ಕೆ ಸರಕಾರದ ನಿಧಾನದ ಜೊತೆಗೆ ಇದೂ ಕಾರಣವೆಂದು ನನ್ನ ಎಣಿಕೆ. ವೈನು ಬೇಡವೆಂದು ನಾನು ಹೇಳುವವನಲ್ಲ. ಹಣ್ಣಿಗೆ ಮೂರನೆಯ ಬಾಗಿಲೊಂದು ಆಗುವುದಾದರೆ ಆಗಲಿ. ಆದರೆ ಶೀಶೆಯ ಮೇಲೆ ಗೋಳಗುಮ್ಮಟದ ಚಿತ್ರವನ್ನು ಅಚ್ಚು ಹಾಕುವ ಮೊದಲು ಬೆಳೆಗಾರನಿಗೆ ಬೆಲೆಯ ಕರಾರು ಬರೆದುಕೊಡಬೇಕು.

ಎಲ್ಲಕ್ಕೂ ಮೂಲವಾದದ್ದು ಮತ್ತೆ ನೀರೇ. ಬರದ ವರ್ಷಗಳಲ್ಲಿ ನಮ್ಮ ರೈತರು ಟ್ಯಾಂಕರಿನಿಂದ ನೀರು ಕೊಂಡು ಬಳ್ಳಿಗೆ ಹನಿಸಿದ್ದಾರೆ. ಕುಡಿಯುವ ನೀರನ್ನು ಕೊಂಡು ತರುವುದು ಕೇಳಿದ್ದೇವೆ. ಬಳ್ಳಿಗೆ ಕೊಂಡು ಹಾಕುವುದನ್ನು ಅಲ್ಲಿ ನೋಡಬೇಕು. ಹತ್ತು ವರ್ಷ ಸಾಕಿದ ಬಳ್ಳಿ ಒಂದು ಬೇಸಗೆಗೆ ಸತ್ತರೆ ಸಾಲ ಸಾಯುವುದಿಲ್ಲವಲ್ಲ! ಕೊಳವೆ ಬಾವಿಯನ್ನು ಸಾವಿರ ಅಡಿಯವರೆಗೆ ಕೊರೆಯಿಸಿ ಮಣ್ಣನ್ನೇ ಕಂಡವರಿದ್ದಾರೆ. ೧೯೬೪ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅದರ ನೀರು ಜಿಲ್ಲೆಯ ಎತ್ತರದ ಹೊಲಗಳಿಗೆ ಹತ್ತಲು ಎರಡು ತಲೆಮಾರು ಕಳೆದವು. ಅಣೆಕಟ್ಟು ನಮ್ಮ ಜಿಲ್ಲೆಯಲ್ಲಿ, ಮುಳುಗಿದ ಹಳ್ಳಿಗಳು ಬಾಗಲಕೋಟೆಯ ಕಡೆಯವೂ ನಮ್ಮವೂ. ನೀರು ಮಾತ್ರ ಮೇಲಕ್ಕೆ ಬರಲೊಲ್ಲದು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೆರೆಗಳನ್ನು ತುಂಬಿಸುವ ಕೆಲಸ ನಡೆದು, ಸುತ್ತಲಿನ ಬಾವಿಗಳಿಗೆ ಜೀವ ಬಂದಿದೆ. ಊರೊಳಗಿನ ಹಳೆಯ ಬಾವಡಿಗಳ ಹೂಳನ್ನೂ ತೆಗೆದಿದ್ದಾರೆ. ಆದಿಲಶಾಹಿಗಳು ಮಾಡಿದ್ದನ್ನೇ ವಿದ್ಯುತ್ತಿನಿಂದ ಮಾಡುತ್ತಿದ್ದೇವೆ. ದುರಸ್ತಿ ಮಾಡುವವರು ಇರುವವರೆಗೆ ನಡೆಯುತ್ತದೆ.

ನೀರಿಲ್ಲದವರು ಎಲ್ಲಿಗೆ ಹೋದರು? ಇಲ್ಲಿಗೇ ಬಂದರು. 'ದುಡಿಯಾಕ ಹೋಗ್ಯಾರ' ಎಂಬ ಮಾತನ್ನು ಇಂಡಿ, ಸಿಂದಗಿಗಳ ಹಳ್ಳಿಗಳಲ್ಲಿ ಬೀಗ ಹಾಕಿದ ಬಾಗಿಲುಗಳ ಮುಂದೆ ಕೇಳಿರಿ. ಗೋವೆ, ಮುಂಬಯಿ, ಪುಣೆ. ಈ ಪಟ್ಟಣದಲ್ಲಿ ಎದ್ದ ಕಟ್ಟಡಗಳ ಬುನಾದಿಯಲ್ಲಿ, ಅಗೆದ ರಸ್ತೆಗಳ ಬದಿಯ ತಗಡಿನ ಜೋಪಡಿಗಳಲ್ಲಿ ನಮ್ಮ ಜಿಲ್ಲೆಯ ಕನ್ನಡ ಕೇಳಿಬರುತ್ತದೆ. ನಾವು ಸಭೆಗೆ ಬರುವಾಗ ಅವರ ಮಗ್ಗುಲಿನಿಂದಲೇ ಬಂದೆವು. ಅವರಿಗೆ ಇಂದಿನ ಸಮಾರಂಭದ ಆಮಂತ್ರಣ ಪತ್ರಿಕೆ ಮುಟ್ಟಿಲ್ಲ. ಇದನ್ನು ಆಕ್ಷೇಪವೆಂದು ತಿಳಿಯಬಾರದು, ಕಾರ್ಯಕಾರಿ ಮಂಡಳಿಯ ಮುಂದೆ ಒಂದು ಸೂಚನೆಯೆಂದು ಇಡುತ್ತೇನೆ.

ಊರಿನ ಸ್ವಭಾವದ ಬಗೆಗೂ ಎರಡು ಮಾತು ಹೇಳಬೇಕು. ೨೦೧೧ರ ಗಣತಿಗೆ ಮೂರೂಕಾಲು ಲಕ್ಷ ಜನರ ಈ ಊರಿನಲ್ಲಿ ಕನ್ನಡವೂ ದಖನಿಯೂ ಒಂದರೊಳಗೊಂದು ಸೇರಿವೆ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ, ದನಗಳ ಪೇಟೆ. ಕುದುರೆ ಟಾಂಗಾದವನು ಬಾಡಿಗೆಯನ್ನು ಉರ್ದುವಿನಲ್ಲಿ ಹೇಳಿ ಕನ್ನಡದಲ್ಲಿ ಇಳಿಸುತ್ತಾನೆ. ಮಾತು ಒರಟು, ಒಳಗೆ ಮೆತ್ತಗೆ. ಈ ಊರಿನವರು ತಮ್ಮ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ಗುಮ್ಮಟವು ಸಾಕಷ್ಟು ಹೇಳಿದೆಯೆಂದು ಅವರಿಗೆ ಅನ್ನಿಸಿರಬೇಕು. ೨೦೨೩ರ ಜನವರಿ ೨ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ದೇಹವಿಟ್ಟರು. ಪದ್ಮಶ್ರೀಯನ್ನು ಬೇಡವೆಂದವರು. ತಮ್ಮ ದೇಹವನ್ನು ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು, ಗುಡಿ ಸ್ಮಾರಕಗಳನ್ನು ಕಟ್ಟಬಾರದು ಎಂದು ಬರೆದಿಟ್ಟಿದ್ದರು. ಹಾಗೆಯೇ ನಡೆಯಿತು. ಜಗತ್ತಿನ ದೊಡ್ಡ ಗೋರಿಗಳಲ್ಲೊಂದು ಇರುವ ಊರಿನಲ್ಲಿ ಇದಾದದ್ದು.

ಕೊನೆಗೆ, ಹೋಗಬೇಕೆನ್ನುವವರಿಗೆ ಉಪಯೋಗದ ಮಾತು. ದ್ರಾಕ್ಷಿಯ ವಿದ್ಯೆಯ ಮನೆಯು ನಮ್ಮ ಪುಣೆಯಲ್ಲಿಯೇ ಇದೆ. ಗಣೇಶಖಿಂಡಿಯ ತೋಟದಲ್ಲಿ ಆರಿಸಿ ತೆಗೆದ ‘ಚೀಮಾ ಸಾಹೇಬಿ’ಯನ್ನು ಹಳಬರು ಬಲ್ಲರು. ಮಾಂಜರಿಯಲ್ಲಿ ೧೯೯೭ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನ ಕೇಂದ್ರಕ್ಕೆ ನಮ್ಮ ಜಿಲ್ಲೆಯ ರೈತರು ಎಲೆಯ ರೋಗವನ್ನು ತೋರಿಸಲು ಬರುತ್ತಾರೆ. ಪುಣೆಯ ಕನ್ನಡಿಗರಲ್ಲಿ ತೋಟಗಾರಿಕೆ ಓದಿದವರಿದ್ದರೆ ಅವರಿಗೆ ದುಭಾಷಿಗಳಾಗಿ ನೆರವಾಗಬಹುದು. ನಮ್ಮ ಸಂಘದ ವಾರ್ಷಿಕ ಪ್ರವಾಸವನ್ನು ಈ ಸಲ ಮಾರ್ಚಿನ ಮೊದಲ ವಾರಕ್ಕೆ ಇಡಿರಿ. ಗೋಳಗುಮ್ಮಟವನ್ನು ಬೆಳಿಗ್ಗೆಯೇ ನೋಡಿ ಮುಗಿಸಿರಿ, ಹೊತ್ತೇರಿದರೆ ಶಾಲೆಯ ಮಕ್ಕಳ ಕೂಗಿನಲ್ಲಿ ಏನೂ ಕೇಳುವುದಿಲ್ಲ. ಗಂಜುಗಳನ್ನು ತೋರಿಸೆಂದು ಟಾಂಗಾದವನಿಗೆ ಒತ್ತಾಯ ಮಾಡಿರಿ. ಮಧ್ಯಾಹ್ನ ರೊಟ್ಟಿ ಊಟ ಮಾಡಿ ತಿಕೋಟಾದ ಹಾದಿ ಹಿಡಿಯಿರಿ. ಶೆಡ್ಡುಗಳು ಆಗ ತುಂಬಿರುತ್ತವೆ. ಬಾಗಿಲಲ್ಲಿ ನಿಂತವರಿಗೆ ಒಂದು ಬೊಗಸೆ ಕೊಡದೆ ಯಾರೂ ಕಳಿಸುವುದಿಲ್ಲ. ಮನೆಗೆ ಬೇಕಾದ ಮಣೂಕವನ್ನು ಅಲ್ಲಿಯೇ ತೂಗಿಸಿಕೊಳ್ಳಿರಿ, ಚೀಲದ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಿಸಿಕೊಳ್ಳಿರಿ.